ನಡುವೆ ಬಾಯಿ ಹಾಕುವ ವಿದ್ಯೆ

ಕಲಿಸುವುದು ಸುಲಭ, ಕಲಿಸಿದ್ದನ್ನು ಬಿಡಿಸುವುದು ಕಷ್ಟ. ಇದು ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಮೊಮ್ಮಗಳು ರೇಣುಕಾಗೆ ಕಲಿಸಿದವಳು ನಾನೇ. ಹುಣಸೆ ಬರಲು ತೋರಿಸಿ ಕಲಿಸಿದ್ದೆ. ಆ ಪಾಠ ತಿರ್ಲಾಪುರದಿಂದ ಇಂಗ್ಲೆಂಡಿನವರೆಗೂ ಅವಳ ಬೆನ್ನು ಹತ್ತುತ್ತದೆಂದು ಯಾರಿಗೆ ಗೊತ್ತಿತ್ತು?

ಅವಳ ಗಂಡ ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸು, ಅಲ್ಲೇ ಕಾಯಂ ನೆಲೆಸಿದವನು. ಇವಳದು ಹೆಂಡತಿ ಎಂಬ ಲೆಕ್ಕದ ವೀಸಾ. ಎರಡೂವರೆ ವರ್ಷ ಮುಗಿಯುತ್ತ ಬಂತು, ಮುಂದುವರಿಸಬೇಕಾದರೆ ಇಂಗ್ಲಿಷ್ ಮಾತಾಡುವ ಪರೀಕ್ಷೆ ಪಾಸಾಗಬೇಕಂತೆ. ಗಂಡನ ಜೊತೆ ಇರಲು ಇಂಗ್ಲಿಷ್ ಯಾಕೆ ಬೇಕೋ! ನಾನು ನಲವತ್ತು ವರ್ಷ ಗಂಡನ ಜೊತೆ ಬಾಳಿದೆ, ಕನ್ನಡವೂ ಅಷ್ಟೇನೂ ಬೇಕಾಗಲಿಲ್ಲ.

ರೇಣುಕಾ ಫೇಲಾದಳು. ಆ ಪರೀಕ್ಷೆಯಲ್ಲಿ ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರಿಗೊಬ್ಬರು ಮಾತಾಡಿ ಎನ್ನುತ್ತಾರಂತೆ. ಇವಳಿಗೆ ಜೋಡಿಯಾಗಿ ಸಿಕ್ಕವಳು ಯಾವುದೋ ದೇಶದ ವಯಸ್ಸಾದ ಹೆಂಗಸು. ಅವಳು ತೆಗೆದ ಬಾಯಿ ಮುಚ್ಚಲಿಲ್ಲ.

"ಅಲ್ಲಲೇ, ನಿನಗ ಇಂಗ್ಲಿಷ್ ಬರತೈತಿ. ಯಾಕ ಸುಮ್ಮನ ಕುಂತಿ?" ಎಂದು ವಿಡಿಯೋ ಫೋನಿನಲ್ಲಿ ಕೇಳಿದೆ.

"ಆಕಿ ಹಿರಿಯಾಕಿ, ಆಯಿ. ಮಾತ ಮುಗಸ್ಲಿ ಅಂತ ಕಾಯ್ದೆ. ಅಷ್ಟರಾಗ ಟೈಮ್ ಮುಗೀತು."

ಅವಳ ಸೊಂಟದ ಮೇಲೆ ಹತ್ತು ತಿಂಗಳ ಕೂಸು ಫೋನನ್ನೇ ನೆಕ್ಕುತ್ತಿತ್ತು. ವೀಸಾ ಮುಗಿಯಲು ಇನ್ನು ಮೂರೇ ವಾರ. ಮತ್ತೆ ಫೇಲಾದರೆ ಇವಳು ಇತ್ತ, ಗಂಡ ಅತ್ತ, ಕೂಸು ಎತ್ತ? ಆ ದಿನ ಹಂಚಿನ ಮೇಲೆ ನನ್ನ ಎರಡು ರೊಟ್ಟಿ ಸೀದವು. ಮದುವೆಯಾಗಿ ಬಂದ ವರ್ಷದಿಂದ ಈಚೆಗೆ ಹಾಗಾಗಿರಲಿಲ್ಲ.

ತಪ್ಪು ನನ್ನದು, ತಿದ್ದುವವಳೂ ನಾನೇ ಎಂದು ಪಾಠ ಶುರು ಮಾಡಿದೆ. ಮಧ್ಯಾಹ್ನ ಅವಳು ಫೋನು ಹಚ್ಚಬೇಕು, ನಾನು ಕನ್ನಡದಲ್ಲಿ ಮಾತಾಡುತ್ತ ಹೋಗಬೇಕು, ಅವಳು ನಡುವೆ ನುಗ್ಗಿ ಇಂಗ್ಲಿಷ್ ಹೇಳಬೇಕು. ಮೊದಲ ದಿನ ಹತ್ತಿ ಬಿಡಿಸುವ ಆಳುಗಳ ವಿಷಯ ಎತ್ತಿಕೊಂಡೆ. ಅಲ್ಲಿಂದ ಎಮ್ಮೆಗೆ ಬಂದೆ, ಎಮ್ಮೆಯಿಂದ ನನ್ನ ಮಂಡಿನೋವಿಗೆ. ಅವಳು ಹೂಂ ಎನ್ನುತ್ತಲೇ ಇದ್ದಳು.

"ಹೂಂ ಅನಬ್ಯಾಡ! ಕಡಿ ನನ್ನ ಮಾತ!"

"ನೀ ಉಸರ ಬಿಟ್ಟರ ಕಡೀತೀನಿ ಆಯಿ. ಎಲ್ಲಿ ಕಡೀಲಿ?"

ನಾಲ್ಕು ದಿನ ಹೀಗೇ ನಡೆದ ಮೇಲೆ, ನನ್ನ ಕೂಗು ಕೇಳಿ ಬಾಜೂ ಮನೆಯ ನೀಲವ್ವ ಕಟ್ಟೆಗೆ ಬಂದಳು. "ಯಾಕ ಬೇ ಯಕ್ಕಾ, ದಿನಾ ಮೊಮ್ಮಗಳ ಜೋಡಿ ಜಗಳ?"

"ಜಗಳಲ್ಲ ಬೇ, ಇಂಗ್ಲಿಷ್ ಕಲಸಾಕತ್ತೀನಿ."

"ನೀನು?" ಎಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಬಸ್ಸಿನ ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸು ನವಲಗುಂದ ಮುಟ್ಟಿರುತ್ತದೆ ಎಂಬುದು ಅವಳಿಗೆ ಗೊತ್ತು.

ನಿಜ ಹೇಳುತ್ತೇನೆ, ಮಾತಿನ ನಡುವೆ ಉಸಿರು ಬಿಡುವುದು ನನಗೂ ಬರುವುದಿಲ್ಲ. ಅತ್ತೆ ಇರುವ ತನಕ ನಾನು ಬಾಯಿ ತೆಗೆಯಲಿಲ್ಲ, ಅವರು ಹೋದ ಮೇಲೆ ಮುಚ್ಚಲಿಲ್ಲ. ಹದಿನೈದು ದಿನ ಪಾಠ ನಡೆಯಿತು. ರೇಣುಕಾ ಒಂದು ಸಲವೂ ನನ್ನ ಮಾತು ಕಡಿಯಲಿಲ್ಲ.

ಪರೀಕ್ಷೆ ಮುಗಿಸಿ ಫೋನು ಮಾಡಿದಳು. "ಈ ಸಲಾನೂ ಹಿರಿಯಾಕೀನ ಸಿಕ್ಕಳು ಆಯಿ. ಎರಡ ಸರ್ತಿ ನಡುವ ಬಾಯಿ ಹಾಕಿದೆ. ಸಾಕಾತೋ ಇಲ್ಲೋ."

"ಎರಡ ಸರ್ತಿ? ಹಿರಿಯಾಕಿ ಏನ ಅಂದುಕೊಂಡಳೋ ಪಾಪ!" ಎಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ. ಹುಣಸೆ ಬರಲು ಎಸೆದರೂ ಆ ಹಳೆಯ ಪಾಠ ನನ್ನನ್ನೇ ಬಿಟ್ಟಿರಲಿಲ್ಲ.

ಫಲಿತಾಂಶದ ದಿನ ಫೋನು ಬಡಿದುಕೊಂಡಿತು. ಅವಳು ಏನು ಹೇಳುತ್ತಾಳೋ ಎಂಬ ಹೆದರಿಕೆಗೆ, ಅವಳು ಹೇಳುವ ಮೊದಲೇ ನಾನು ಶುರು ಮಾಡಿದೆ. ಕೂಸು ಉಂಡಿತೇ, ಅಲ್ಲಿ ಚಳಿ ಎಷ್ಟು, ಎಮ್ಮೆ ಮೊನ್ನೆ ಈಯಿತು, ಹೆಣ್ಣುಕರು, ನೀಲವ್ವನಿಗೆ ಗಿಣ್ಣ ಕೊಟ್ಟೆ, ಫೇಲಾದರೆ ಚಿಂತೆ ಮಾಡಬೇಡ, ನಿನ್ನ ಕೋಣೆ ಹಾಗೇ ಇದೆ...

"ಆಯಿ! ಸುಮ್ಮನಿರ ಸ್ವಲ್ಪ! ಪಾಸಾಗೇನಿ!"

ನಾನು ಬಾಯಿ ಮುಚ್ಚಿದೆ. ಅತ್ತೆ ತೀರಿಕೊಂಡ ಮೇಲೆ ಇದೇ ಮೊದಲು.