ಬೆನಕಪ್ಪನ ಎಲೆ, ಓಬಳಪ್ಪನ ಕಣ್ಣು

ಓಬಳಪ್ಪನ ಸಕ್ಕರೆ ಕಾಯಿಲೆಯ ಸುದ್ದಿ ಬೀದಿ ನಲ್ಲಿಯ ತನಕ ಹೋಗಬಾರದಿತ್ತು. ಹೋದದ್ದು ಅವನ ಹೆಂಡತಿ ದುರುಗಕ್ಕನ ಬಾಯಿಂದಲೇ. ಕೊಡ ತುಂಬುವಷ್ಟು ಹೊತ್ತು ಸುಮ್ಮನೆ ನಿಲ್ಲಲಾರದೆ ಆಕೆ, "ಇವತ್ತು ನಮ್ಮನೆಯೋರನ್ನ ಕಣ್ಣಿನ ಆಪರೇಷನ್ನಿಗೆ ಕರ್ಕಂಡು ಹೋಗ್ತಾರೆ. ಸಕ್ಕರೆ ಒಂಚೂರು ಜಾಸ್ತಿ ಐತಂತೆ, ಅದೊಂದೇ ಯೋಚ್ನೆ" ಎಂದುಬಿಟ್ಟಳು. ಜಗಳೂರಿನಲ್ಲಿ ನೀರಿಗೆ ಬರ ಬಂದೀತು, ಸುದ್ದಿಗೆ ಬರ ಬಂದದ್ದಿಲ್ಲ. ಆಕೆ ಕೊಡ ಹೊತ್ತು ಮನೆ ಮುಟ್ಟುವಷ್ಟರಲ್ಲಿ ಔಷಧಿ ಬಂದು ಜಗಲಿಯ ಮೇಲೆ ಕೂತಿತ್ತು.

ಓಬಳಪ್ಪ ಕುರಿ ಸಂತೆಯ ದಲ್ಲಾಳಿ. ಕುರಿಯ ಹಲ್ಲು ನೋಡಿ ವಯಸ್ಸು ಹೇಳುವುದರಲ್ಲಿ ಎತ್ತಿದ ಕೈ. ಆದರೆ ಎಡಗಣ್ಣು ಹೋಗಿ ವರ್ಷಗಳಾಗಿದ್ದವು. ಕಣ್ಣು ಕೆಂಪಾಗಿದ್ದಾಗ ಬಿಳಿಚೋಡಿನಲ್ಲಿರುವ ಅವನ ಒಡಹುಟ್ಟಿದ ಅಕ್ಕ ಬೊಮ್ಮಕ್ಕ ಪ್ರೀತಿಯಿಂದ ಅದೇನೋ ಸೊಪ್ಪಿನ ರಸ ಹಿಂಡಿದ್ದಳು. ಕಣ್ಣು ಹೋದ ಮೇಲೂ ಅವಳದು ಒಂದೇ ಮಾತು: "ಸೊಪ್ಪು ಸರಿಯಾಗೇ ಐತೆ. ನಿನ್ನ ಕಣ್ಣೇ ನೆಟ್ಟಗಿರಲಿಲ್ಲ."

ಉಳಿದ ಬಲಗಣ್ಣಿಗೆ ಈಗ ಪೊರೆ ಬಂದಿತ್ತು. ಹಲ್ಲು ಕಾಣದೆ, ಬೆರಳಿಟ್ಟು ಎಣಿಸಲು ಹೋಗಿ ಟಗರಿನಿಂದ ಕಚ್ಚಿಸಿಕೊಂಡು ಸಂತೆಯಲ್ಲೆಲ್ಲ ನಗೆಪಾಟಲಾಗಿದ್ದ. ಮೊನ್ನೆ ಕಣ್ಣಿನ ಶಿಬಿರಕ್ಕೆ ಹೆಸರು ಬರೆಸಲು ಹೋದಾಗ ತಪಾಸಣೆ ಮಾಡಿದ ಡಾಕ್ಟರು ಮಾತ್ರ ನಗಲಿಲ್ಲ. ಪೊರೆ ಬಲಿತುಬಿಟ್ಟಿದೆ, ಈ ಸಲ ತೆಗೆಸದಿದ್ದರೆ ಈ ಕಣ್ಣಿನ ಆಸೆಯನ್ನೂ ಬಿಡಬೇಕಾದೀತು ಎಂದಿದ್ದರು. ಓಬಳಪ್ಪನಿಗೆ ಸಾಯುವ ಭಯ ಅಷ್ಟೇನೂ ಇರಲಿಲ್ಲ. ಕುರುಡನಾಗಿ ಬದುಕಬೇಕಲ್ಲ ಎಂಬ ಭಯಕ್ಕೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವನ ಅಪ್ಪ ಕೊನೆಗಾಲದಲ್ಲಿ ಮಂಚದಿಂದ ಬಚ್ಚಲಿಗೆ ಕಟ್ಟಿದ ಹಗ್ಗ ಹಿಡಿದು ಓಡಾಡಿದ್ದನ್ನು ಅವನು ನೋಡಿದ್ದ.

ಜಗಲಿಯ ಮೇಲೆ ಬಂದು ಕೂತಿದ್ದವನು ಪಕ್ಕದ ಮನೆಯ ಬೆನಕಪ್ಪ, ತಾಲ್ಲೂಕು ಕಚೇರಿಯಲ್ಲಿ ಜವಾನನಾಗಿ ರಿಟೈರಾದವನು. ಅವನಿಗೂ ಕಣ್ಣಿನ ಪೊರೆ, ಅವನಿಗೂ ಸಕ್ಕರೆ, ಇವತ್ತಿನ ಶಿಬಿರಕ್ಕೆ ಅವನ ಹೆಸರೂ ಇತ್ತು. ಅವನ ಕೈಯಲ್ಲಿ ಒಂದು ಹಿಡಿ ಎಲೆ.

"ಬಾಯಿ ತೆಗಿ ಓಬಳಪ್ಪ. ಇನ್ಸುಲಿನ್ ಗಿಡದ ಎಲೆ. ನಮ್ಮನೆ ಕುಂಡದಾಗೆ ಬೆಳೆದಿದ್ದು. ಅಗಿದು ನುಂಗು, ಆಮ್ಯಾಲೆ ಸಕ್ಕರೆ ಎಲ್ಲೈತೆ ಅಂತ ಡಾಕ್ಟ್ರು ಹುಡುಕಬೇಕು."

"ಈಗ ತಾನೇ ಗುಳಿಗೆ ನುಂಗೀನಿ ಅಣ್ಣ. ಬೇರೆ ಏನೂ ತಗಾಬ್ಯಾಡ ಅಂತ ಸಿಸ್ಟರು ಹೇಳ್ಯಾರೆ."

"ಸಿಸ್ಟರು ಹುಟ್ಟಾಕೆ ಮುಂಚೆ ಈ ಎಲೆ ಹುಟ್ಟೈತೆ. ನನ್ನ ನೋಡು. ಎಪ್ಪತ್ತು ದಾಟೀತು, ಸಕ್ಕರೆ ಇವತ್ತಿಗೂ ನಾನು ಹೇಳ್ದಂಗೆ ಕೇಳ್ತೈತೆ. ಸುಮ್ಮನೆ ಕೇಳ್ತೈತಾ?"

ಓಬಳಪ್ಪ ಬಾಯಿ ತೆರೆದ. ಅಗಿದ. ಹುಣಸೆ ಚಿಗುರಿನಂಥ ಹುಳಿ. ಬೆನಕಪ್ಪ ಪಥ್ಯವನ್ನೂ ಹೇಳಿದ: ಸಕ್ಕರೆ ನೋಡುವ ತನಕ ಹೊಟ್ಟೆಗೆ ಏನೂ ಹಾಕಬಾರದು. ಆಮೇಲೆ ದನಿ ತಗ್ಗಿಸಿ, "ಇಂಗ್ಲಿಷ್ ಡಾಕ್ಟ್ರ ಮುಂದೆ ಬಾಯಿ ಬಿಡಬ್ಯಾಡ. ಅವರ ಕಿವಿಗೆ ಬಿದ್ರೆ ಎಲೆ ಗುಣ ಹೋಗ್ತೈತೆ" ಎಂದ.

ಅಷ್ಟರಲ್ಲಿ ಎದುರು ಮನೆಯ ಅನ್ನಪೂರ್ಣಮ್ಮ ಒಂದು ಚೊಂಬಿನ ತುಂಬ ಹಾಗಲಕಾಯಿ ರಸ ತಂದರು. ಇನ್ನೊಂದು ಕೈಯಲ್ಲಿ ಮೊಬೈಲು. "ನೋಡ್ರಿ ಓಬಳಪ್ಪಣ್ಣ, ಇವರು ಕುಡಿದು ಹೆಂಗೆ ಎದ್ದು ಓಡ್ತಾ ಇದಾರೆ!" ಎಂದು ವಿಡಿಯೋವನ್ನು ಅವನ ಮೂಗಿನ ಹತ್ತಿರ ಹಿಡಿದರು. ಓಡುತ್ತಿರುವುದು ಮನುಷ್ಯನೋ ಕತ್ತೆಯೋ ಓಬಳಪ್ಪನಿಗೆ ಕಾಣಲಿಲ್ಲ. ಕಾಣುವಂತಿದ್ದರೆ ಆಪರೇಷನ್ ಯಾಕೆ ಬೇಕಿತ್ತು? ಆದರೂ ಬೇಡ ಎಂದರೆ ಬೇಜಾರು ಮಾಡಿಕೊಂಡಾರೆಂದು ಮೂಗು ಮುಚ್ಚಿಕೊಂಡು ಕುಡಿದ. ಚೊಂಬಿನ ತಳ ಕಾಣುವ ತನಕ ಅವರು ಬಾಗಿಲು ಬಿಟ್ಟು ಕದಲಲಿಲ್ಲ.

ತಮ್ಮನ ಸಕ್ಕರೆಯ ಸುದ್ದಿಯನ್ನು ನಿನ್ನೆಯೇ ಫೋನಿನಲ್ಲಿ ಕೇಳಿದ್ದ ಬೊಮ್ಮಕ್ಕ ಹತ್ತು ಗಂಟೆಯ ಬಸ್ಸಿಗೆ ಬಂದಿಳಿದಳು. ಬಗಲಲ್ಲಿ ಬಾಟಲಿ, ಬಾಟಲಿಯಲ್ಲಿ ಕರ್ರನೆಯ ಕಷಾಯ.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೊಂದು ಕಣ್ಣಾದ್ರೂ ಉಳೀಲಿ ಬಿಡ್ರಿ," ದುರುಗಕ್ಕ ಅಡ್ಡ ನಿಂತಳು.

"ಇದು ಕಣ್ಣಿಗಲ್ಲ ಕಣೇ, ಹೊಟ್ಟೆಗೆ! ಅಮೃತಬಳ್ಳಿ ಕಷಾಯ. ಲೇ ಓಬ, ನಿನಗೋಸ್ಕರ ಕೋಳಿ ಕೂಗೋಕೆ ಮುಂಚೆ ಎದ್ದು ಕುದಿಸೀನಿ. ಅಕ್ಕನ್ನ ಬರಿಗೈಲಿ ಕಳಿಸ್ತೀಯಾ?"

ಅಕ್ಕನನ್ನು ಬರಿಗೈಲಿ ಕಳಿಸುವುದುಂಟೇ? ಖಾಲಿ ಬಾಟಲಿ ಕೈಗೆ ಕೊಟ್ಟ.

ದುರುಗಕ್ಕ ಬಿಸಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟಾಗ ಮೂವರೂ ಹೌಹಾರಿದರು. ಎಲೆಗೆ ರಸ ಆಗದು, ರಸಕ್ಕೆ ಕಷಾಯ ಆಗದು ಎಂದು ಅಲ್ಲಿಯವರೆಗೆ ಜಗಳವಾಡುತ್ತಿದ್ದವರು, ಉಣ್ಣಬಾರದು ಎಂಬ ಒಂದು ಮಾತಿನಲ್ಲಿ ಒಗ್ಗಟ್ಟಾದರು. ತಟ್ಟೆ ಒಳಗೆ ಹೋಯಿತು. ಮುದ್ದೆಯ ವಾಸನೆ ಓಬಳಪ್ಪನ ಮೂಗಿನಲ್ಲೇ ಉಳಿಯಿತು.

ಶಿಬಿರ ನಡೆದದ್ದು ಸಮುದಾಯ ಭವನದಲ್ಲಿ. ಪೊರೆ ಬಂದ ಮುದುಕರೆಲ್ಲ ಒಬ್ಬರ ಹೆಗಲು ಒಬ್ಬರು ಹಿಡಿದು ಸಾಲಿನಲ್ಲಿ ನಿಂತಿದ್ದರು. ಆಪರೇಷನ್ನಿಗೆ ಆಸ್ಪತ್ರೆಗೆ ಕರೆದೊಯ್ಯುವ ವ್ಯಾನು ಹೊರಗೆ ಕಾಯುತ್ತಿತ್ತು. ಬೆನಕಪ್ಪ ಓಬಳಪ್ಪನ ಹಿಂದೆ ನಿಂತ. ಉಳಿದಿಬ್ಬರು ತಮ್ಮ ತಮ್ಮ ಔಷಧಿಯ ಮಹಿಮೆ ನೋಡಲು ಗೋಡೆಗೆ ಒರಗಿ ಕೂತರು.

ಹೆಸರು ಬರೆದುಕೊಳ್ಳುತ್ತಿದ್ದ ನರ್ಸ್ ಕೇಳಿದಳು: "ಅಜ್ಜಾ, ಬೆಳಿಗ್ಗೆ ಗುಳಿಗೆ ತಗಂಡ್ರಾ? ಊಟ ಆತಾ? ಗುಳಿಗೆ ಬಿಟ್ಟು ಬೇರೆ ಏನಾದ್ರೂ ತಗಂಡಿದ್ರೆ ಈಗ್ಲೇ ಹೇಳ್ರಿ."

ಬೆನಕಪ್ಪ ಹಿಂದಿನಿಂದ ಸಣ್ಣಗೆ ಕೆಮ್ಮಿದ.

"ಗುಳಿಗೆ ಆತು, ಊಟ ಆತು. ಬ್ಯಾರೆ ಏನೂ ಇಲ್ಲವ್ವ," ಎಂದ ಓಬಳಪ್ಪ. ಜೀವಮಾನದಲ್ಲಿ ಹತ್ತು ಸಾವಿರ ಕುರಿ ಮಾರಿದವನು, ಸುಳ್ಳು ಹೇಳುವುದು ಅವನಿಗೆ ಹೊಸದಲ್ಲ. ಈ ಸಲ ಮೋಸ ಹೋಗುತ್ತಿರುವವನು ತಾನೇ ಎಂಬುದು ಮಾತ್ರ ಹೊಳೆಯಲಿಲ್ಲ.

ಸಾಲು ಆಮೆಯಂತೆ ಸಾಗುತ್ತಿತ್ತು. ಮೊದಲು ಓಬಳಪ್ಪನ ಕೈ ನಡುಗಿತು. ಆಮೇಲೆ ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತು. "ಔಷಧಿ ಕೆಲಸ ಮಾಡ್ತಾ ಐತೆ, ತಡಕ," ಎಂದ ಬೆನಕಪ್ಪ. ಔಷಧಿ ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ಗುಳಿಗೆ, ಎಲೆ, ರಸ, ಕಷಾಯ ನಾಲ್ಕೂ ಸೇರಿ ಅವನ ಮೈಯೊಳಗಿದ್ದ ಸಕ್ಕರೆಯನ್ನೆಲ್ಲ ಗುಡಿಸಿ ಹಾಕಿದ್ದವು. ಓಬಳಪ್ಪ ಕಡಿದ ಬಾಳೆಗಿಡದ ಹಾಗೆ ನೆಲಕ್ಕೆ ಒರಗಿದ.

"ಅಯ್ಯೋ, ನನ್ನ ಗಂಡನ್ನ ಕೊಂದ್ರಲ್ಲೋ!" ಬಾಗಿಲ ಬಳಿ ನಿಂತಿದ್ದ ದುರುಗಕ್ಕ ಓಡಿ ಬಂದು ಎದೆ ಬಡಿದುಕೊಂಡಳು.

ನರ್ಸ್ ಒಳಗೆ ಡಾಕ್ಟರನ್ನು ಕರೆಯಲು ಓಡಿದಳು. ಅವರು ಬರುವವರೆಗೆ ಸುಮ್ಮನಿರುವ ಜನವೇ ಇವರು? "ಸಕ್ಕರೆ ಇಳಿದೈತೆ, ಸಿಹಿ ಹಾಕ್ರಿ!" ಎಂದು ಸಾಲಿನಲ್ಲಿ ಯಾರೋ ಕೂಗಿದರು. ಅನ್ನಪೂರ್ಣಮ್ಮ ಪಕ್ಕದ ಹೋಟೆಲಿನಿಂದ ಸಕ್ಕರೆ ನೀರು ತಂದು ಸುರಿದರು. ಬೊಮ್ಮಕ್ಕ ಎಲ್ಲಿಂದಲೋ ಬೆಲ್ಲದ ಉಂಡೆ ಸಂಪಾದಿಸಿ ಬಾಯಿಗೆ ತುರುಕಿದಳು. ಬೆನಕಪ್ಪ ದೊಡ್ಡ ಬಾಟಲಿ ಕಿತ್ತಳೆ ಬಣ್ಣದ ಜ್ಯೂಸು ಹಿಡಿದು, ಓಬಳಪ್ಪ ಕಣ್ಣು ಬಿಟ್ಟ ಮೇಲೂ ಬಿಡದೆ, "ಇನ್ನೊಂದು ಗುಟುಕು, ಇನ್ನೊಂದು ಗುಟುಕು" ಎಂದು ಖಾಲಿ ಮಾಡಿಸಿದ. ಸಾಯಿಸುವುದರಲ್ಲಿ ತೋರಿಸಿದ ಅಕ್ಕರೆಯನ್ನೇ ಬದುಕಿಸುವುದರಲ್ಲೂ ತೋರಿಸಿದರು.

ಡಾಕ್ಟರು ನಾಡಿ ನೋಡಿ, ಗಾಳಿಗೆ ಮಲಗಿಸಿ, ಸ್ವಲ್ಪ ಹೊತ್ತಿನ ಮೇಲೆ ಸಕ್ಕರೆ ನೋಡುವಂತೆ ನರ್ಸ್‌ಗೆ ಹೇಳಿದರು. ನರ್ಸ್ ಬೆರಳಿಗೆ ಸೂಜಿ ಚುಚ್ಚಿದಳು. ಮಿಷನ್ನು ನೋಡಿದವಳು ಮತ್ತೊಂದು ಬೆರಳಿಗೂ ಚುಚ್ಚಿದಳು.

"ನಾನೂರು ದಾಟೈತಲ್ಲ ಅಜ್ಜಾ! ಏನೇನು ತಗಂಡ್ರಿ ಹೇಳ್ರಿ."

ಓಬಳಪ್ಪ ಈಗ ಎಲ್ಲವನ್ನೂ ಹೇಳಿದ. ಎಲೆಯ ಗುಣ ಕೆಡುವುದಕ್ಕೆ ಇನ್ನೇನು ಉಳಿದಿತ್ತು? ನರ್ಸ್ ತಲೆಯ ಮೇಲೆ ಕೈ ಇಟ್ಟುಕೊಂಡಳು.

"ಮೊನ್ನೆ ನಿಮ್ಮ ಸಕ್ಕರೆ ಒಂಚೂರು ಜಾಸ್ತಿ ಇತ್ತು ಅಷ್ಟೇ. ಗುಳಿಗೆ ನುಂಗಿ, ಮುದ್ದೆ ಉಂಡು ಬಂದಿದ್ರೆ ಇಷ್ಟೊತ್ತಿಗೆ ವ್ಯಾನಿನಾಗೆ ಕೂತಿರ್ತಿದ್ರಿ. ಹಿಂಗೆ ಸಕ್ಕರೆ ಏರಿ ಇಳಿಯೋ ಮೈಗೆ ಕತ್ತರಿ ಹಾಕಾಕೆ ಆಗಲ್ಲ. ಕಣ್ಣು ಕೀವಾಗ್ತೈತೆ."

"ಮುಂದಿನ ಶಿಬಿರ?" ದುರುಗಕ್ಕ ಕೇಳಿದಳು.

"ಯುಗಾದಿ ಆದ ಮ್ಯಾಲೆ ಅಮ್ಮ. ಆದ್ರೆ..." ನರ್ಸ್ ಓಬಳಪ್ಪನ ಕಣ್ಣನ್ನು ನೋಡಿದಳು. "ಅಲ್ಲೀಗಂಟ ಈ ಕಣ್ಣು ಕಾಯೋದು ಕಷ್ಟ. ನಾಳೆನೇ ದೊಡ್ಡಾಸ್ಪತ್ರೆಗೆ ಹೋಗಿ ಸಕ್ಕರೆ ಹತೋಟಿಗೆ ತರ್ರಿ. ಆಮ್ಯಾಲೆ ಏನು ಉಳಿದಿರ್ತೈತೋ ನೋಡಾನ."

ಓಬಳಪ್ಪನಿಗೆ ಅಳು ಬಂತು. ಎಪ್ಪತ್ತರ ಹತ್ತಿರದ ಗಂಡಸು ಸಮುದಾಯ ಭವನದ ನಡುವೆ ಕೂತು ಮಗುವಿನಂತೆ ಅತ್ತ. ಅನ್ನಪೂರ್ಣಮ್ಮ ಮನೆಯಲ್ಲಿ ಹಾಲು ಒಲೆಯ ಮೇಲಿದೆಯೆಂದು ಎದ್ದು ಹೋದರು. ಬೊಮ್ಮಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಕಷಾಯದ ತಪ್ಪಲ್ಲ ಬಿಡು, ಬೆಲ್ಲ ಹೆಚ್ಚಾತು" ಎಂದಳು.

ಮುಂದಿನ ಸರದಿ ಬೆನಕಪ್ಪನದು. ಸೂಜಿ ಚುಚ್ಚಿದ ನರ್ಸ್ ಮುಖ ಅರಳಿಸಿದಳು. "ಎಷ್ಟು ಚೆನ್ನಾಗಿ ಇಟ್ಕಂಡಿದೀರಿ! ಗುಳಿಗೆ ತಪ್ಪಿಸಿಲ್ಲ ಅಲ್ರಾ?"

"ಎರಡು ಹೊತ್ತೂ ತಪ್ಪಿಸಿಲ್ಲವ್ವ. ಡಾಕ್ಟ್ರು ಬರಕೊಟ್ಟಿದ್ದು ಬಿಟ್ರೆ ಬ್ಯಾರೆ ಮುಟ್ಟಲ್ಲ."

"ಸೊಪ್ಪು, ಕಷಾಯ?"

"ಶಿವಶಿವಾ! ಈ ವಯಸ್ಸಿನಾಗೆ ಕಂಡ ಕಂಡ ಎಲೆ ತಿಂದು ಸಾಯಾಕೆ ನನಗೇನು ಹುಚ್ಚಾ?"

ಓಬಳಪ್ಪನ ಅಳು ನಿಂತಿತು. ದನಿ ಬಂದ ಕಡೆ ತಿರುಗಿ, "ಅಣ್ಣಾ, ಹಂಗಾದ್ರೆ ಆ ಗಿಡ?" ಎಂದು ಕೇಳಿದ.

ಬೆನಕಪ್ಪ ಬಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತ. ನಾಚಿಕೆಯೇನೂ ಇರಲಿಲ್ಲ, ಒಳ್ಳೆಯ ಸುದ್ದಿ ತಂದವನ ದನಿಯಿತ್ತು. "ಆ ಗಿಡ ಹಾಕಿದಾಗಿಂದ ತಿನ್ನಾಕೆ ಬಲು ಆಸೆ ಓಬಳಪ್ಪ. ಧೈರ್ಯ ಸಾಲಲಿಲ್ಲ. ಯಾರಾದ್ರೂ ಒಬ್ರು ತಿಂದು ನೋಡ್ಲಿ, ಆಮ್ಯಾಲೆ ನಾನೂ ಶುರು ಮಾಡಾನ ಅಂತಿದ್ದೆ. ಇವತ್ತು ಗೊತ್ತಾತು ನೋಡು. ನಾನೇ ತಿಂದಿದ್ರೆ ನನ್ನ ಕಣ್ಣು ಹೋಗಿರೋದು. ನೀನು ಉಳಿಸಿದೆ ಕಣೋ. ಈ ಉಪಕಾರ ನಾನು ಸಾಯೋತನಕ ಮರೆಯಲ್ಲ."

ಹೊರಗೆ ವ್ಯಾನು ಹಾರನ್ ಹೊಡೆಯಿತು. ಬೆನಕಪ್ಪ ಎದ್ದು ಓಬಳಪ್ಪನ ಕಡೆಗೆ ಎರಡೂ ಕೈ ಎತ್ತಿ ಮುಗಿದ. ಸುಳ್ಳೇ ಮುಗಿದದ್ದಲ್ಲ, ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಯಾವುದೂ ಓಬಳಪ್ಪನಿಗೆ ಕಾಣಲಿಲ್ಲ.