ಹಸಿ ಹಲಸಿನ ಬಾಗಿಲು

ಪಾಠ ಹೇಳುವವರಿಗೆ ತಗಲುವ ದೊಡ್ಡ ರೋಗವೆಂದರೆ, ಹೇಳಿದ್ದನ್ನು ತಾವೇ ನಂಬಿಬಿಡುವುದು. ಯುದ್ಧದ ದೆಸೆಯಿಂದ ಸೀಮೆಎಣ್ಣೆಗೂ ಸಕ್ಕರೆಗೂ ಬರ ಬಂದಿದ್ದ ಆ ವರ್ಷಗಳಲ್ಲಿ ನಾನು ನಾವುಂದದಲ್ಲಿ ಮಾಸ್ತರನಾಗಿದ್ದೆ. 'ಬಿಸಿಗೆ ವಸ್ತು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ' ಎಂದು ಮಕ್ಕಳಿಂದ ರಾಗವಾಗಿ ಹೇಳಿಸುತ್ತಿದ್ದೆ. ಮರಕ್ಕೂ ಇದೇ ಕಾಯಿದೆ ಎಂದು ನನ್ನ ತಿಳಿವಳಿಕೆ.

ನನ್ನ ಮದುವೆ ಅವಸರದಲ್ಲಿ ಗೊತ್ತಾಯಿತು. ನಮ್ಮ ಒಳಕೋಣೆಗೆ ಅದುವರೆಗೆ ಬಾಗಿಲೇ ಇರಲಿಲ್ಲ. ಅಲ್ಲಿದ್ದ ಭತ್ತದ ಚೀಲಗಳಿಗೆ ನಾಚಿಕೆಯೇನು? ಮದುವೆಯಾಗುವವನಿಗೆ ಉಂಟಲ್ಲ. ಹಿತ್ತಿಲಿನ ಹಲಸು ಕಡಿಸಿ ಬಾಗಿಲು ಮಾಡಿಸಲು ಹೊರಟೆ. "ಹಸಿ ಮರ ಅಲ್ದಾ ಮಗಾ, ಒಣ್ಗುಕ್ ಬಿಡ್" ಎಂದಳು ಅಮ್ಮ. ಮರ ಒಣಗಲೆಂದು ಕಾಯುವ ಮದುಮಗ ಎಲ್ಲಿದ್ದಾನೆ?

ಬೇಸಗೆಯ ಬಿಸಿಲಿಗೆ ಬಾಗಿಲು ಹಿಗ್ಗುವ ಬದಲು ಕುಗ್ಗಿತು. ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ನನ್ನ ಹೆಂಡತಿ ಸರಸ್ವತಿ ಅದರ ಮೇಲೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟಳು. ಮಳೆಯ ತಂಪಿಗೆ ಇನ್ನೂ ಕುಗ್ಗೀತೆಂದು ಹೆದರಿ, ನಾನು ಸಂದುಗಳಿಗೆಲ್ಲ ಬಿಗಿಯಾಗಿ ಮರದ ಪಟ್ಟಿಯ ರೀಪು ಹೊಡೆಸಿದೆ. ಮಳೆ ಹಿಡಿಯಿತು. ಹಲಗೆಗಳು ನೀರು ಕುಡಿದು ಉಬ್ಬಿದವು. ಅಗಲವಾಗಲು ಜಾಗವಿಲ್ಲದೆ ಬಾಗಿಲು ಕಾಯಿಸಿದ ಹಪ್ಪಳದ ಹಾಗೆ ಡೊಂಕಾಯಿತು. ಆದರೂ ಎಳೆದು ಮುಚ್ಚಿ ತೆಗೆದು ದಿನ ದೂಡುತ್ತಿದ್ದೆವು.

ಅಷ್ಟರಲ್ಲಿ ಹೊಸ ಮದುಮಗಳು ತವರಿಗೆ ಹೋಗುವ ಆಸಾಡಿ ತಿಂಗಳು ಬಂತು. ಹಂಗಾರಕಟ್ಟೆಯಲ್ಲಿ ಸರಕಿನ ದೋಣಿ ಇಟ್ಟುಕೊಂಡಿದ್ದ ನನ್ನ ಮಾವ ಮಗಳನ್ನು ಕರೆದೊಯ್ಯಲು ಬಂದರು. ಸೀರೆ ಉಡಲು ಒಳಗೆ ಹೋದ ಸರಸ್ವತಿ, ಯಾರೂ ಇಣುಕಬಾರದೆಂದು ಬಾಗಿಲನ್ನು ಜೋರಾಗಿ ಒತ್ತಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸ್ವರ ಬಂತು: "ಅಪ್ಪಯ್ಯ, ಬಾಗ್ಲ್ ಬತ್ತಿಲ್ಲ."

"ಹ್ವಾಯ್ ಮಾಷ್ಟ್ರೆ, ಕತ್ಲಿ ಆಪುದ್ರೊಳ್ಗೆ ಹೊಳಿ ದಾಟ್ಕ್" ಎಂದು ಮಾವ ಎದ್ದರು. ನಾನು ಭುಜ ಕೊಟ್ಟೆ. ಹೆಂಡತಿಯನ್ನು ಒಂದು ತಿಂಗಳು ಕಳಿಸಿಕೊಡಲು ದೂಡುವವನ ಭುಜದಲ್ಲಿ ಎಷ್ಟು ಬಲವಿದ್ದೀತು? ಬಾಗಿಲು ನನ್ನ ಪಕ್ಷ ವಹಿಸಿದೆಯೆಂದು ಒಳಗೊಳಗೇ ಸಂತೋಷವಾಗಿತ್ತು.

ಮಾವ ಹಲಗೆಯನ್ನು ಸವರಿ ನೋಡಿದರು. "ದೋಣಿ ಹಲ್ಗಿ ಉಬ್ರೆ ಲಾಯ್ಕ್ ಮಾಷ್ಟ್ರೆ, ನೀರ್ ಒಳ್ಗ್ ಬತ್ತಿಲ್ಲ. ಬಾಗ್ಲ್ ಉಬ್ರೆ ಹೆಣ್ಣ್ ಹೊರ್ಗ್ ಬತ್ತಿಲ್ಲ."

ಒಳಗಿನಿಂದ ಸರಸ್ವತಿ ಕೇಳಿದಳು: "ಹ್ವಾಯ್, ನೀವ್ ದೂಡ್ತಾ ಇದ್ರ್ಯಾ, ಒರಗಿ ನಿಂತಿದ್ರ್ಯಾ?"

ಮಾವ ನನ್ನನ್ನು ಬದಿಗೆ ಸರಿಸಿ ಭುಜ ಹಾಕಿದರು. ಒಳಗೆ ಅವಳು ದಾರಂದದ ಚೌಕಟ್ಟಿಗೆ ಕಾಲು ಕೊಟ್ಟು ಚಿಲಕ ಹಿಡಿದು ಎಳೆದಳು. ರೀಪು ಸಿಡಿದು, ಬಾಗಿಲು ಫಕ್ಕನೆ ತೆರೆದುಕೊಂಡಿತು. ಮಾವ ಹೋಗಿ ಭತ್ತದ ಚೀಲಗಳ ಮೇಲೆ ಬಿದ್ದರು. ಅವಳು ಅಪ್ಪಯ್ಯನನ್ನು ಎಬ್ಬಿಸಿ, ಮೈ ಕೊಡವಿ, ಗಂಟು ಎತ್ತಿಕೊಂಡಳು. ಅಂಗಳ ದಾಟುವ ಮೊದಲು ಒಮ್ಮೆ ತಿರುಗಿ, "ನಾ ಬಪ್ಪದ್ರೊಳ್ಗೆ ಬಾಗ್ಲ್ ಕೆತ್ಸಿ ಇಡಿ" ಎಂದಳು. ಆ ಮಾತು ನನಗೆ ಸಾಕಷ್ಟು ಸಮಾಧಾನ ಕೊಟ್ಟಿತು.

ಸಂಜೆ ಬಾಗಿಲು ಹಾಕಲು ಹೋದರೆ ಅದು ಅರ್ಧಕ್ಕೇ ನೆಲ ಕಚ್ಚಿ ನಿಂತುಬಿಟ್ಟಿತು. ನಾನು ಒದ್ದಾಡುವುದನ್ನು ಅಮ್ಮ ಅಡುಗೆಮನೆಯಿಂದ ನೋಡುತ್ತಿದ್ದಳು.

"ಒಬ್ನಿಗ್ ಬಾಗ್ಲ್ ಎಂತಕ್ಕೆ ಮಗಾ? ಉಂಬುಕ್ ಬಾ."

ಹೋಗಿ ಕುಳಿತೆ. ಏನು ಬಡಿಸಿದಳೆಂದು ಈಗ ನೆನಪಿಲ್ಲ. ಉಪ್ಪಿಲ್ಲವೆಂದು ಗೊಣಗಿದ್ದೂ, ಉಪ್ಪು ಹಾಕಿದ ಮೇಲೂ ಗೊಣಗಿದ್ದೂ ಮಾತ್ರ ಚೆನ್ನಾಗಿ ನೆನಪಿದೆ.