ತಪ್ಪದೆ ನುಡಿಸಿ

ಅನಾಹುತಕ್ಕೆಲ್ಲ ಮೂಲ ಆರು ಪದಗಳ ಒಂದು ಚೀಟಿ. ಬೆಳಿಗ್ಗೆ ಎಂಟು ಗಂಟೆಗೆ ತಂಡದ ಡ್ರಮ್ಮರ್ ಅದನ್ನು ತಂದು ಕೊಟ್ಟಾಗ ಮೇಷ್ಟ್ರು ಸಂಜೆಯ ಕಾರ್ಯಕ್ರಮಕ್ಕೆಂದು ಕಪ್ಪು ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಚೀಟಿಯಲ್ಲಿ ಹೀಗಿತ್ತು: "ನಾಲ್ಕನೇ ಹಾಡು. ಆ ಜಾಗ ತಪ್ಪದೆ ನುಡಿಸಿ."

ಬರೆದವನು ಅಣ್ಣ. 'ಕಬ್ಬಿಣದ ಕಡಲೆ' ಎಂಬ ರಾಕ್ ತಂಡವನ್ನು ಕಾಲು ಶತಮಾನದಿಂದ ನಡೆಸಿಕೊಂಡು ಬಂದ ಹಾಡುಗಾರ. ಹೆಂಡತಿಯೊಬ್ಬಳನ್ನು ಬಿಟ್ಟು ಊರೆಲ್ಲ ಅವನನ್ನು ಅಣ್ಣ ಎಂದೇ ಕರೆಯುತ್ತಿತ್ತು. ಕಾರ್ಯಕ್ರಮದ ದಿನ ಗಂಟಲು ಕೆಡಬಾರದೆಂದು ಅಣ್ಣ ಬೆಳಗಿನಿಂದ ಮೌನವ್ರತ ಹಿಡಿಯುತ್ತಿದ್ದ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆಯುತ್ತಿದ್ದ. ಮಾತಿನಲ್ಲಿದ್ದ ಜಿಪುಣತನ ಬರವಣಿಗೆಯಲ್ಲೂ ಇತ್ತು.

ಮೇಷ್ಟ್ರು ಹೆಸರಿಗೆ ತಕ್ಕ ಮೇಷ್ಟ್ರು. ಸಂಗೀತ ಶಾಲೆಯಲ್ಲಿ ಹದಿನಾಲ್ಕು ವರ್ಷ ಮಕ್ಕಳಿಗೆ ಗಿಟಾರ್ ಕಲಿಸಿದವರು. ಗಿಟಾರಿನ ಕುತ್ತಿಗೆಯ ಮೇಲೆ ಸಾಲಾಗಿ ಕೂರಿಸಿದ ಲೋಹದ ಪಟ್ಟಿಗಳಿರುತ್ತವಲ್ಲ, ಅವುಗಳ ನಡುವಿನ ಜಾಗಕ್ಕೆ ಮಕ್ಕಳಿಗೆ ಅರ್ಥವಾಗಲೆಂದು 'ಮನೆ' ಎಂದು ಹೆಸರಿಟ್ಟಿದ್ದರು. ಬೆರಳು ಅದರದರ ಮನೆಗೇ ಹೋಗಬೇಕು, ಪಕ್ಕದ ಮನೆಗೆ ಹೋಗಬಾರದು ಎಂಬುದು ಅವರ ಮೊದಲ ಪಾಠ. ಕೊನೆಯ ಪಾಠವೂ ಅದೇ. ಅವರ ಸ್ವಂತ ಬೆರಳುಗಳಂತೂ ಆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಪಕ್ಕದ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಆ ಶಿಸ್ತಿಗೆ ಮರುಳಾಗಿಯೇ ಅಣ್ಣ ಮೂರು ವಾರದ ಹಿಂದೆ ಅವರನ್ನು ತಂಡಕ್ಕೆ ಕರೆದದ್ದು. ಹಳೆಯ ಗಿಟಾರಿಸ್ಟ್ ಬೆನ್ನುನೋವೆಂದು ಬಿಟ್ಟುಹೋಗಿ ಹಾಸಿಗೆ ಅಂಗಡಿ ತೆರೆದಿದ್ದ. ಇವತ್ತಿನ ಕಾರ್ಯಕ್ರಮ ಸರಿಹೋದರೆ ಮೇಷ್ಟ್ರು ಕಾಯಂ ಎಂದು ಮಾತಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿಯವರಾದ ಮೇಷ್ಟ್ರು ಶಾಲೆಗೆ ರಾಜೀನಾಮೆ ಕೊಟ್ಟು, ಕುರ್ಚಿಯನ್ನು ತಮ್ಮ ಹಳೆಯ ಶಿಷ್ಯನಿಗೆ ಬಿಟ್ಟುಕೊಟ್ಟು ಬಂದಿದ್ದರು. ನಲವತ್ತೊಂದನೇ ವಯಸ್ಸಿನಲ್ಲಿ ಇಂಥ ಬಾಗಿಲು ಎರಡು ಸಲ ತೆರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಜೀವನದಲ್ಲಿ ಯಾವುದನ್ನೂ ಅವರು ಇಷ್ಟು ಆಸೆಪಟ್ಟಿರಲಿಲ್ಲ.

"ಯಾವ ಜಾಗ?" ಎಂದು ಕೇಳಿದರು.

"ಇನ್ಯಾವ ಜಾಗ ಮೇಷ್ಟ್ರೇ? ಆ ಕೊಂಯ್," ಎಂದ ಡ್ರಮ್ಮರ್.

ಆ 'ಕೊಂಯ್' ಗೊತ್ತಿಲ್ಲದವರು ಊರಿನಲ್ಲಿ ಯಾರೂ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಆ ಹಾಡು ರೆಕಾರ್ಡ್ ಆಗುವಾಗ ಹಳೆಯ ಗಿಟಾರಿಸ್ಟನ ಉಂಗುರದ ಬೆರಳು ಹನ್ನೆರಡನೇ ಮನೆಗೆ ಹೋಗುವ ಬದಲು ಹದಿಮೂರನೇ ಮನೆಗೆ ಹೋಗಿ ಹಾಗೊಂದು ಸದ್ದು ಬಂದಿತ್ತು. ಜನ ಅದನ್ನು ತಪ್ಪೆಂದುಕೊಳ್ಳದೆ ಕೈಚಳಕವೆಂದುಕೊಂಡರು. ಆಮೇಲೆ ಹಾಡಿನ ಆ ಜಾಗ ಬಂದಾಗಲೆಲ್ಲ ಇಡೀ ಸಭಾಂಗಣ ಒಟ್ಟಾಗಿ ಕೊಂಯ್ ಎನ್ನುತ್ತಿತ್ತು. ಕೆಲವರು ಬನಿಯನ್ನಿನ ಮೇಲೆ ಅಚ್ಚು ಹಾಕಿಸಿಕೊಂಡಿದ್ದರು.

ಮೇಷ್ಟ್ರು ಮೂರು ವಾರದ ಅಭ್ಯಾಸದಲ್ಲಿ ಆ ಜಾಗವನ್ನು ಪ್ರತಿ ಸಲವೂ ಸರಿಯಾಗಿ ನುಡಿಸಿದ್ದರು. ಪ್ರತಿ ಸಲವೂ ಅಣ್ಣ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡಿದ್ದ.

"ಅವತ್ತೇ ನಂಗೆ ಅನ್ನಿಸ್ತು," ಎಂದ ಡ್ರಮ್ಮರ್. "ಪಾಪ, ಆ ಕೊಂಯ್ ಇಲ್ದೆ ಅಣ್ಣಂಗೆ ಎಷ್ಟು ಸಂಕಟ ಆಗಿರ್ಬೇಕು. ದೊಡ್ಡ ಮನುಷ್ಯ, ಬಾಯಿಬಿಟ್ಟು ಹೇಳ್ಲಿಲ್ಲ. ಈಗ ಬರ್ದು ಕೊಟ್ಟಿದ್ದಾರೆ."

"ಅಂದ್ರೆ ನಾನು ತಪ್ಪಾಗಿ ನುಡಿಸಬೇಕು?"

"ತಪ್ಪದೆ ತಪ್ಪಾಗಿ."

ಅನುಮಾನವೇನಾದರೂ ಇದ್ದರೆ ಅಣ್ಣನನ್ನೇ ಕೇಳಬಹುದಿತ್ತು. ಆದರೆ ಮೌನವ್ರತದಲ್ಲಿದ್ದವನನ್ನು ಕೇಳಿದರೆ ಬರುವುದು ಇಂಥದೇ ಇನ್ನೊಂದು ಚೀಟಿ. ಮೇಷ್ಟ್ರು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಗಿಟಾರ್ ತೆಗೆದುಕೊಂಡು ತಪ್ಪು ಮಾಡಲು ಕುಳಿತರು.

ಬೆರಳು ಒಪ್ಪಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ಹದಿಮೂರಕ್ಕೆ ಹೋಗು ಎಂದರೆ ಅದು ಹನ್ನೆರಡಕ್ಕೇ ಹೋಗಿ ಒಳ್ಳೆಯ ಹುಡುಗನ ಹಾಗೆ ಕೈಕಟ್ಟಿ ಕೂರುತ್ತಿತ್ತು. ಮೇಷ್ಟ್ರು ಗದರಿದರು, ಹಿಡಿದು ಎಳೆದರು, ಕಣ್ಣು ಮುಚ್ಚಿ ಬೇರೆ ಏನೋ ಯೋಚಿಸುತ್ತ ಅದನ್ನು ಮೋಸಗೊಳಿಸಲು ನೋಡಿದರು. ಹತ್ತು ಗಂಟೆಯ ಹೊತ್ತಿಗೆ ಇಪ್ಪತ್ತು ಸಲಕ್ಕೆ ಒಮ್ಮೆ ಕೊಂಯ್ ಬರತೊಡಗಿತು. ಹನ್ನೊಂದಕ್ಕೆ ಎರಡು ಸಲಕ್ಕೊಮ್ಮೆ.

ಹನ್ನೊಂದೂಕಾಲಿಗೆ ಕೆಳಗಿನ ಮನೆಯ ಹಲ್ಲಿನ ಡಾಕ್ಟರು ಮುಖದ ಮುಸುಕನ್ನು ಗಲ್ಲಕ್ಕಿಳಿಸಿಕೊಂಡು ಮೇಲೆ ಬಂದರು. ಸೌಮ್ಯ ಸ್ವಭಾವದವರು.

"ಮೇಷ್ಟ್ರೇ, ಸಂಗೀತದ ವಿಚಾರದಲ್ಲಿ ನಾನು ಬಾಯಿ ಹಾಕಲ್ಲ," ಎಂದರು. "ಆದ್ರೆ ಆ ಒಂದು ಜಾಗ ಬಂದಾಗೆಲ್ಲ ಪೇಷಂಟ್ ಗಬಕ್ಕಂತ ಬಾಯಿ ಮುಚ್ಕೋತಾರೆ. ಒಳಗೆ ನನ್ನ ಬೆರಳಿರುತ್ತೆ."

ಬ್ಯಾಂಡೇಜು ಸುತ್ತಿದ ತೋರುಬೆರಳನ್ನು ತೋರಿಸಿದರು. ಮೇಷ್ಟ್ರು ಕ್ಷಮೆ ಕೇಳಿ ಕಿಟಕಿ ಮುಚ್ಚಿದರು.

ಆಗ ಮೇಲಿನ ಮನೆಯ ತಾತ ಇಳಿದು ಬಂದರು. ಪತ್ರಿಕೆಯೊಂದರಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿ ನಿವೃತ್ತರಾದವರು. ಈಗಲೂ ಕಿವಿಯ ಮೇಲೆ ಕೆಂಪು ಪೆನ್ಸಿಲ್ ಇರುತ್ತಿತ್ತು. ಬೆಳಗಿನಿಂದ ಪ್ರತಿ ಕೊಂಯ್‌ಗೂ ಅವರು ಕೋಲಿನಿಂದ ನೆಲ ಕುಟ್ಟಿದ್ದರು. ತಪ್ಪು ಕಣ್ಣಿಗೆ ಬಿದ್ದರೂ ಕಿವಿಗೆ ಬಿದ್ದರೂ ಸುಮ್ಮನೆ ಕೂರುವುದು ತಮ್ಮಿಂದಾಗದೆಂದೂ, ಒಂದೇ ಜಾಗದಲ್ಲಿ ಇಷ್ಟು ಸಲ ಎಡವುವುದು ನರದ ತೊಂದರೆಯಿರಬಹುದೆಂದೂ ಹೇಳಿದರು.

"ಇಲ್ಲ ತಾತ, ನಾನು ತಪ್ಪು ಮಾಡೋದನ್ನೇ ಅಭ್ಯಾಸ ಮಾಡ್ತಾ ಇರೋದು."

ತಾತ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಸೀದಾ ಮೇಲೆ ಹೋಗಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೇಷ್ಟ್ರ ಹೆಂಡತಿಗೆ ಫೋನ್ ಮಾಡಿದರು.

ಐದು ನಿಮಿಷಕ್ಕೆ ಹೆಂಡತಿಯ ಫೋನ್ ಬಂತು. "ಕೈ ನಡುಗ್ತಾ ಇದೆಯಂತೆ?"

"ಯಾರು ಹೇಳಿದ್ದು?"

"ಯಾರು ಹೇಳಿಲ್ಲ ಅಂತ ಕೇಳಿ."

"ನಾನು ಬೇಕೂಂತಲೇ ತಪ್ಪು ಮಾಡ್ತಿದ್ದೀನಿ ಕಣೇ."

"ತಪ್ಪು ಮಾಡಿದೋರೆಲ್ಲ ಆಮೇಲೆ ಹಾಗೇ ಹೇಳೋದು ಕಣ್ರೀ," ಎಂದಳು ಅವಳು, ಬಹಳ ಪ್ರೀತಿಯಿಂದ. ಬಿಸಿ ಹಾಲು ಕುಡಿದು ಮಲಗಲು ಹೇಳಿದಳು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಊಟದ ಹೊತ್ತಿಗೆ ಮೇಷ್ಟ್ರ ಕೈ ಹೋಯಿತಂತೆ ಎಂಬ ಸುದ್ದಿ ಸಂಗೀತ ಶಾಲೆಯನ್ನು ಮುಟ್ಟಿತು. ಮುಖ್ಯಸ್ಥರು ಫೋನ್ ಮಾಡಿ ಸಂತಾಪ ಸೂಚಿಸಿದರು. ಇಷ್ಟು ವರ್ಷ ಕಲಿಸಿದ್ದಾದರೂ ಸರಿಯಿತ್ತೇ ಎಂದು ಮಕ್ಕಳ ತಂದೆತಾಯಿ ವಿಚಾರಿಸುತ್ತಿದ್ದಾರೆಂದೂ, ಒಳ್ಳೆಯ ಸಮಯ ನೋಡಿ ರಾಜೀನಾಮೆ ಕೊಟ್ಟಿರೆಂದೂ ಹೇಳಿ ಫೋನ್ ಇಟ್ಟರು. ಹಿಂದಿನ ಬಾಗಿಲು ಮುಚ್ಚಿದ ಮೇಲೆ ಮುಂದಿನದೊಂದೇ ಉಳಿದದ್ದು. ಅದರ ಬೀಗದ ಕೈ ಹದಿಮೂರನೇ ಮನೆಯಲ್ಲಿತ್ತು.

ಮೂರು ಗಂಟೆಗೆ ನೂರಕ್ಕೆ ನೂರು ಸಲ ಕೊಂಯ್ ಬಂತು. ಹದಿನಾಲ್ಕು ವರ್ಷ ಸರಿಯಾಗಿ ನುಡಿಸಿದಾಗ ಸಿಗದ ಸಂತೋಷ ಅವರಿಗೆ ಈ ತಪ್ಪಿನಲ್ಲಿ ಸಿಕ್ಕಿತು. ಚೀಟಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಟರು.

ಐದು ಗಂಟೆಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ, ಹಲ್ಲಿನ ಡಾಕ್ಟರು, ತಾತ, ಮೂವರೂ ಆಸ್ಪತ್ರೆಯ ಹೊರಗೆ ಕಾಯುವವರ ಹಾಗೆ ಕುಳಿತಿದ್ದರು. ವೇದಿಕೆಗೆ ಹತ್ತುವ ಮುಂಚೆ ಅಣ್ಣ ಮೇಷ್ಟ್ರ ಎರಡೂ ಕೈ ಹಿಡಿದು ಅದುಮಿದ. ಅವನ ಕಣ್ಣು ಆಗಲೇ ಒದ್ದೆಯಾಗಿತ್ತು. ಇವತ್ತು ಸಂಕಟ ಕಳೆಯಿತು ಎಂಬಂತೆ ಮೇಷ್ಟ್ರು ತಲೆಯಾಡಿಸಿದರು.

ಮೂರು ಹಾಡು ನೀರು ಕುಡಿದಷ್ಟು ಸುಲಭವಾಗಿ ಮುಗಿದವು. ನಾಲ್ಕನೆಯದರಲ್ಲಿ ಆ ಜಾಗ ಹತ್ತಿರ ಬಂದಾಗ ಅಣ್ಣ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಮೇಷ್ಟ್ರ ಕಡೆ ತಿರುಗಿ ನಿಂತ. ಜನ ಬಾಯಿ ತೆರೆದರು. ಉಂಗುರದ ಬೆರಳು ಹನ್ನೆರಡನೇ ಮನೆಯನ್ನು ಕಣ್ಣೆತ್ತಿಯೂ ನೋಡದೆ ಸೀದಾ ಪಕ್ಕದ ಮನೆಗೆ ಹೋಯಿತು.

ಕೊಂಯ್ ಎಂದಿತು ಗಿಟಾರ್. ಕೊಂಯ್ ಎಂದಿತು ಸಭಾಂಗಣ. ಅಣ್ಣ ಮಾತ್ರ, ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ, ಹಾಡಿನ ಮುಂದಿನ ಸಾಲು ಮರೆತು ನಿಂತುಬಿಟ್ಟ. ಮುಂದಿನ ಸಾಲಿನಲ್ಲಿ ತಾತ ಕಾರ್ಯಕ್ರಮಪಟ್ಟಿಯ ಮೇಲೆ ಕೆಂಪು ಪೆನ್ಸಿಲಿನಿಂದ ಒಂದು ಗುರುತು ಹಾಕಿದರು.

ಕಾರ್ಯಕ್ರಮ ಮುಗಿದು ಒಳಗಿನ ಕೋಣೆಗೆ ಬಂದ ಮೇಲೆ ಅಣ್ಣನ ಮೌನವ್ರತವೂ ಮುಗಿಯಿತು.

"ಇಪ್ಪತ್ತೆರಡು ವರ್ಷ ಮೇಷ್ಟ್ರೇ," ಎಂದ. ದನಿ ಏರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ನಾನು ಕಟ್ಟಿದ ಹಾಡು. ನಾನು ಕಟ್ಟಿದ ಹಾಗೆ ಜನ ಒಂದೇ ಒಂದ್ಸಲ ಕೇಳ್ಲಿ ಅಂತ ಆಸೆ. ಅಭ್ಯಾಸದಲ್ಲಿ ನೀವು ಸರಿಯಾಗಿ ನುಡಿಸಿದಾಗೆಲ್ಲ ಸಂತೋಷಕ್ಕೆ ಅಳು ಬರೋದು ನಂಗೆ. ಅದಕ್ಕೇ ನಿಮ್ಮನ್ನ ಕರ್ದಿದ್ದು. ಎಲ್ಲಿ ವೇದಿಕೆ ಮೇಲೆ ಎಡವಿಬಿಡ್ತೀರೋ ಅಂತ ಚೀಟೀನೂ ಬರ್ದು ಕಳಿಸ್ದೆ."

ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದರು. ಅದನ್ನು ನೋಡುತ್ತ ನೋಡುತ್ತ ಅವರ ಕಪ್ಪು ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಯಿತು. ಡ್ರಮ್ಮರ್‌ಗೆ ಡ್ರಮ್ಮಿನ ತಿರುಪುಗಳನ್ನೆಲ್ಲ ಆಗಲೇ ಬಿಗಿ ಮಾಡಬೇಕೆಂದು ನೆನಪಾಯಿತು. ಸಮಾಧಾನ ಹೇಳಲೆಂದು ಮೇಷ್ಟ್ರ ಹೆಂಡತಿ ಮತ್ತು ಹಲ್ಲಿನ ಡಾಕ್ಟರ ಜೊತೆ ಒಳಗೆ ಬಂದಿದ್ದ ತಾತ ಚೀಟಿಯನ್ನು ಇಸಿದುಕೊಂಡು ಎರಡು ಸಲ ಓದಿದರು.

"ತಪ್ಪಿಲ್ಲ," ಎಂದು ಹಿಂದಿರುಗಿಸಿದರು. "ಎರಡು ಅರ್ಥಕ್ಕೂ ತಪ್ಪಿಲ್ಲ."

ಅಣ್ಣ ನ್ಯಾಯವಂತ. ತನ್ನ ಬರವಣಿಗೆಯನ್ನು ತಾನೇ ಓದಿ ನಿಟ್ಟುಸಿರು ಬಿಟ್ಟ. ತಪ್ಪು ತನ್ನದೇ ಎಂದ. ಮುಂದಿನ ವಾರ ಇನ್ನೊಂದು ಕಾರ್ಯಕ್ರಮವಿದೆ, ನೀವು ಕಾಯಂ, ಈಗ ನನ್ನ ಸಮಾಧಾನಕ್ಕೆ ಆ ಜಾಗ ಒಮ್ಮೆ ಸರಿಯಾಗಿ ನುಡಿಸಿಬಿಡಿ ಎಂದ.

ಮೇಷ್ಟ್ರಿಗೆ ಹೋದ ಜೀವ ಬಂತು. ಗಿಟಾರ್ ಎತ್ತಿಕೊಂಡು ನುಡಿಸಿದರು.

ಕೊಂಯ್.

ನಕ್ಕು, ಬೆರಳಿನ ನೆಟಿಗೆ ಮುರಿದು, ಮತ್ತೆ ನುಡಿಸಿದರು. ಕೊಂಯ್. ನಿಧಾನವಾಗಿ, ಕಣ್ಣಿಟ್ಟು ನೋಡುತ್ತ ನುಡಿಸಿದರು. ಬೆರಳು ಒಂದೇ ದಿನದಲ್ಲಿ ಪಕ್ಕದ ಮನೆಯಲ್ಲಿ ಸಂಸಾರ ಹೂಡಿ, ಸ್ವಂತ ಮನೆಯ ದಾರಿ ಮರೆತಿತ್ತು. ಹತ್ತನೇ ಸಲಕ್ಕೆ ಹೆಂಡತಿ ಮುಖ ತಿರುಗಿಸಿಕೊಂಡಳು. ಹಲ್ಲಿನ ಡಾಕ್ಟರು ತಮ್ಮ ಬೆರಳನ್ನು ಜೇಬಿನೊಳಗೆ ಇಟ್ಟುಕೊಂಡರು.

ಅಣ್ಣ ಒಂದು ಚೀಟಿ ಬರೆದು ಮೇಷ್ಟ್ರ ಕೈಗಿಟ್ಟು ಹೊರಗೆ ಹೋದ. "ನಾಳೆಯಿಂದ ಬರುವುದು ಬೇಡ." ಮೇಷ್ಟ್ರು ಆಸೆಯಿಂದ ಅದನ್ನು ತಾತನ ಕಡೆ ಚಾಚಿದರು. ತಾತ ಓದಿ, ಇದಕ್ಕೆ ಒಂದೇ ಅರ್ಥ ಎಂದರು.

ಬಾಗಿಲಲ್ಲಿ ಒಬ್ಬ ದಪ್ಪನೆಯ ಮನುಷ್ಯ ಆಗಿನಿಂದ ನಿಂತಿದ್ದ. ಅಂಗಿಯ ಮೇಲೆ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು. ಹಳೆಯ ಗಿಟಾರಿಸ್ಟ್. ಜೀವನದಲ್ಲಿ ಒಮ್ಮೆ ಆ ಜಾಗವನ್ನು ಸರಿಯಾಗಿ ಕೇಳೋಣವೆಂದು ಅಂಗಡಿ ಮುಚ್ಚಿ ಬಂದಿದ್ದ.

"ನಂಗೂ ಹಿಂಗೇ ಆಗಿದ್ದು," ಎಂದ. "ರೆಕಾರ್ಡಿಂಗ್ ದಿನ ಒಂದೇ ಸಲ ಜಾರಿದ್ದು. ಆಮೇಲೆ ಇಪ್ಪತ್ತೆರಡು ವರ್ಷವೂ ಸರಿಯಾಗಿ ಬಾರ್ಸೋಕೇ ಹೋಗ್ತಿದ್ದೆ. ಬೆನ್ನುನೋವು ಗಿನ್ನುನೋವು ಏನೂ ಇಲ್ಲ ಮೇಷ್ಟ್ರೇ."

ಮೇಷ್ಟ್ರು ಗಿಟಾರನ್ನು ತಬ್ಬಿಕೊಂಡರು. ಅವರಿಗೆ ನಿಜವಾಗಿಯೂ ಅಳು ಬಂದಿತ್ತು.

ಅವನು ಅವರ ಪಕ್ಕ ಕುಳಿತು ಗಿಟಾರನ್ನು ಮೆಲ್ಲಗೆ ಕೈಯಿಂದ ಬಿಡಿಸಿ ಪೆಟ್ಟಿಗೆಯಲ್ಲಿಟ್ಟ. ಅಂಗಡಿಯಲ್ಲಿ ಹಾಸಿಗೆ ಹೊಲಿಯಲು ಒಬ್ಬರು ಬೇಕಾಗಿದ್ದಾರೆಂದೂ, ಒಂದು ಹೊಲಿಗೆ ಪಕ್ಕಕ್ಕೆ ಹೋದರೂ ಮಲಗುವವರಿಗೆ ತಿಳಿಯುವುದಿಲ್ಲವೆಂದೂ ಹೇಳಿದ. ಹೊರಡುವಾಗ ಮೊದಲನೇ ಚೀಟಿಯ ಹಿಂದೆ ವಿಳಾಸ ಬರೆದುಕೊಟ್ಟ.

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ ತಪ್ಪದೆ ಬನ್ನಿ."

ಮೇಷ್ಟ್ರು ಕಣ್ಣೊರೆಸಿಕೊಂಡು ಎದ್ದು ನಿಂತರು. "ತಪ್ಪದೆ ಅಂದ್ರೆ," ಎಂದು ಕೇಳಿದರು, "ಯಾವ ಅರ್ಥದಲ್ಲಿ?"